ಓದುಗರ ಪ್ರಶ್ನೆ: ಅಗ್ಗದ ಮಡಚುವ ಚಾಕುವಿನ ಉಕ್ಕು ಎಂಥದ್ದು?

ಈ ಬಾರಿಯ ಪ್ರಶ್ನೆಗಳೆಲ್ಲ ಜೇಬಿನಲ್ಲಿ ಇಟ್ಟುಕೊಳ್ಳುವ, ಕೆಲವು ನೂರರಿಂದ ಮೂರು ಸಾವಿರ ರೂಪಾಯಿ ಒಳಗಿನ ಮಡಚುವ ಚಾಕುಗಳ ಬಗ್ಗೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೋಡಲು ಒಂದೇ ಥರ ಇರುವ ಮೂರು ಚಾಕು ಸಿಗುತ್ತವೆ. ಒಂದರ ಅಲಗಿನ ಮೇಲೆ 3ಸಿಆರ್13, ಇನ್ನೊಂದರ ಮೇಲೆ 8ಸಿಆರ್13ಎಂಒವಿ, ಮತ್ತೊಂದರ ಮೇಲೆ ಡಿ2 ಎಂದಿದೆ. ಬೆಲೆ ಮಾತ್ರ ಒಂದಕ್ಕಿಂತ ಒಂದು ಹೆಚ್ಚು. ಈ ಅಕ್ಷರಗಳನ್ನು ಓದುವುದು ಹೇಗೆ? ದುಬಾರಿಯದನ್ನೇ ಕೊಳ್ಳಬೇಕೇ?
— ಶಿವಮೊಗ್ಗದಿಂದ

ಉತ್ತರ: ಚೀನಾದ ಹೆಸರುಗಳನ್ನು ಓದುವುದು ಸುಲಭ. ನಡುವಿನ ಸಿಆರ್ ಎಂದರೆ ಕ್ರೋಮಿಯಂ. ಅದರ ಎಡಗಡೆಯ ಅಂಕಿಯನ್ನು ಹತ್ತರಿಂದ ಭಾಗಿಸಿದರೆ ಇಂಗಾಲದ ಶೇಕಡಾ ಪ್ರಮಾಣ ಸಿಗುತ್ತದೆ. ಬಲಗಡೆಯದು ಕ್ರೋಮಿಯಂನ ಶೇಕಡಾ ಪ್ರಮಾಣ. ಹಾಗಾಗಿ 3ಸಿಆರ್13ರಲ್ಲಿ ಇಂಗಾಲ ಸುಮಾರು 0.3, ಕ್ರೋಮಿಯಂ 13. 8ಸಿಆರ್13ಎಂಒವಿಯಲ್ಲಿ ಇಂಗಾಲ ಸುಮಾರು 0.8, ಕ್ರೋಮಿಯಂ 13, ಜೊತೆಗೆ ಚಿಟಿಕೆಯಷ್ಟು ಮಾಲಿಬ್ಡಿನಂ ಮತ್ತು ವನೇಡಿಯಂ. ಡಿ2 ಅಮೆರಿಕದ ಹೆಸರು. ಅದರಲ್ಲಿ ಲೆಕ್ಕ ಅಡಗಿಲ್ಲ. ಇಂಗಾಲ 1.4ರಿಂದ 1.6, ಕ್ರೋಮಿಯಂ 11ರಿಂದ 13, ಮಾಲಿಬ್ಡಿನಂ ಮತ್ತು ವನೇಡಿಯಂ ತಲಾ ಒಂದರ ಆಸುಪಾಸು. ಮೂಲದಲ್ಲಿ ಅದು ಲೋಹದ ತಗಡು ಕತ್ತರಿಸುವ ಡೈಗಳ, ಅಂದರೆ ಅಚ್ಚುಗಳ, ಉಕ್ಕು.

ಇಂಗಾಲ ಎರಡು ಕೆಲಸ ಮಾಡುತ್ತದೆ. ಕಾಯಿಸಿ ತಟ್ಟನೆ ತಣಿಸಿದಾಗ ಉಕ್ಕಿನೊಳಗೆ ಕರಗಿದ ಇಂಗಾಲ ಅದನ್ನು ಗಟ್ಟಿ ಮಾಡುತ್ತದೆ. ಕರಗದೆ ಮಿಕ್ಕಿದ್ದು ಕ್ರೋಮಿಯಂ ಜೊತೆ ಕೂಡಿ ಕಾರ್ಬೈಡ್ ಎಂಬ ಅತಿ ಗಟ್ಟಿ ಹರಳಾಗುತ್ತದೆ. ಕಾಂಕ್ರೀಟನ್ನು ನೆನೆಯಿರಿ: ಸಿಮೆಂಟು ಎಷ್ಟು ಗಟ್ಟಿ ಕೂತಿದೆ ಎನ್ನುವುದು ಒಂದು ಮಾತು, ಒಳಗೆ ಜಲ್ಲಿ ಎಷ್ಟಿದೆ, ಎಂಥ ಗಾತ್ರದ್ದು ಎನ್ನುವುದು ಇನ್ನೊಂದು. 3ಸಿಆರ್13ರಲ್ಲಿ ಸಿಮೆಂಟೂ ಮೆದು, ಜಲ್ಲಿಯೂ ಇಲ್ಲದಷ್ಟು ಕಡಿಮೆ. 8ಸಿಆರ್13ಎಂಒವಿಯಲ್ಲಿ ಸಿಮೆಂಟು ಗಟ್ಟಿ, ಸಣ್ಣ ಜಲ್ಲಿ ಸ್ವಲ್ಪ. ಡಿ2ನಲ್ಲಿ ಸಿಮೆಂಟು ಇನ್ನೂ ಗಟ್ಟಿ, ಜಲ್ಲಿ ಯಥೇಚ್ಛ, ಆದರೆ ದಪ್ಪ ದಪ್ಪ.

ಬಳಕೆಯಲ್ಲಿ ಇದು ಹೀಗೆ ಕಾಣುತ್ತದೆ. 3ಸಿಆರ್13 ಚಾಕುವಿನಿಂದ ನಾಲ್ಕಾರು ರಟ್ಟಿನ ಪೆಟ್ಟಿಗೆ ಕೊಯ್ದರೆ ಬಾಯಿ ಒಂದು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಆದರೆ ಎರಡು ನಿಮಿಷದ ಸಾಣೆಗೆ ಮತ್ತೆ ಸರಿಹೋಗುತ್ತದೆ. ಹಣ್ಣು, ಬ್ರೆಡ್ಡು, ಲಕೋಟೆಗೆ ಅಷ್ಟು ಸಾಕು. 8ಸಿಆರ್13ಎಂಒವಿ ದಿನಬಳಕೆಗೆ ಎರಡು-ಮೂರು ವಾರ ನಿಲ್ಲುತ್ತದೆ, ಸಾಮಾನ್ಯ ಸಾಣೆಕಲ್ಲಿಗೂ ಬಗ್ಗುತ್ತದೆ. ಡಿ2 ರಟ್ಟು, ಹಗ್ಗ, ನಾರು ಕೊಯ್ಯುವುದರಲ್ಲಿ ಇವೆರಡನ್ನೂ ಮೀರಿಸುತ್ತದೆ. ಮೊಂಡಾದ ಮೇಲೆ ಹರಿತಗೊಳಿಸಲು ಬೆವರಿಳಿಯುತ್ತದೆ.

ನಮ್ಮನ್ನು ಕೇಳಿದರೆ, ಮನೆಯಲ್ಲಿ ವಜ್ರದ ಪುಡಿ ಕೂರಿಸಿದ ಸಾಣೆ ಪ್ಲೇಟಾಗಲಿ ಸಾಣೆಯ ಅಭ್ಯಾಸವಾಗಲಿ ಇಲ್ಲದವರು ಡಿ2ಗೆ ದುಡ್ಡು ಹಾಕಬೇಡಿ. ಅದೇ ಬೆಲೆಗೆ ಸ್ವೀಡನ್ನಿನ 12ಸಿ27 ಅಥವಾ 14ಸಿ28ಎನ್ ಉಕ್ಕಿನ ಚಾಕು ಸಿಕ್ಕರೆ ಅದನ್ನೇ ಆರಿಸಿ. ಈ ಹೆಸರುಗಳ ಅಂಕಿಗಳನ್ನು ಚೀನಾದ ಲೆಕ್ಕದಲ್ಲಿ ಓದಬಾರದು. 14ಸಿ28ಎನ್‌ನಲ್ಲಿ ಇಂಗಾಲ 0.62, ಕ್ರೋಮಿಯಂ 14, ಸಾರಜನಕ 0.11. ಇಂಗಾಲದ ಒಂದಿಷ್ಟು ಕೆಲಸವನ್ನು ಸಾರಜನಕ ವಹಿಸಿಕೊಳ್ಳುವುದರಿಂದ ಕ್ರೋಮಿಯಂ ಕಾರ್ಬೈಡಿಗೆ ಹೋಗದೆ ತುಕ್ಕು ತಡೆಯಲು ಉಳಿಯುತ್ತದೆ. ಹರಳುಗಳು ತುಂಬ ಸಣ್ಣ. ಬಾಯಿಯನ್ನು ತೆಳ್ಳಗೆ ಎಳೆದರೂ ಚಕ್ಕೆ ಏಳುವುದು ಅಪರೂಪ.

ಅಲಗಿನ ಮೇಲೆ ಬರೀ 440 ಎಂದಿದ್ದರೆ ಅದನ್ನು 440ಸಿ ಎಂದುಕೊಳ್ಳಬೇಡಿ. 440ಎ, ಬಿ, ಸಿ ಮೂರರಲ್ಲೂ ಕ್ರೋಮಿಯಂ 16ರಿಂದ 18. ಇಂಗಾಲ ಮಾತ್ರ ಎಯಲ್ಲಿ 0.60ರಿಂದ 0.75, ಸಿಯಲ್ಲಿ 0.95ರಿಂದ 1.20. ಇನ್ನು ‘ಸರ್ಜಿಕಲ್ ಸ್ಟೀಲ್’, ‘ಸ್ಟೇನ್‌ಲೆಸ್’ ಎಂದಷ್ಟೇ ಬರೆದಿದ್ದರೆ ಅದು ಉಕ್ಕಿನ ಹೆಸರೇ ಅಲ್ಲ. 420 ಗುಂಪಿನ ಮೆದು ಉಕ್ಕು ಎಂದು ತಿಳಿದು ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಿ.

ಪ್ರಶ್ನೆ: ಡಿ2ನಲ್ಲಿ ಶೇ 12 ಕ್ರೋಮಿಯಂ ಇದೆ ಎನ್ನುತ್ತಾರೆ. ನನ್ನ ಚಾಕು ಒಂದೇ ಮಳೆಗಾಲದಲ್ಲಿ ಕಂದು ಚುಕ್ಕೆ ಹಿಡಿಯಿತು. ಶೇ 13 ಇರುವ ಅಗ್ಗದ ಚಾಕುವಿಗೆ ಏನೂ ಆಗಿಲ್ಲ. ನನಗೆ ಸಿಕ್ಕಿದ್ದು ನಕಲಿಯೇ?
— ಉಡುಪಿಯಿಂದ

ಉತ್ತರ: ಚುಕ್ಕೆ ಹಿಡಿದದ್ದಕ್ಕೇ ನಕಲಿ ಎನ್ನಲಾಗದು, ಅಸಲಿ ಡಿ2 ಕೂಡ ಹಾಗೆಯೇ ಮಾಡುತ್ತದೆ. ತುಕ್ಕು ತಡೆಯುವುದು ಉಕ್ಕಿನಲ್ಲಿರುವ ಒಟ್ಟು ಕ್ರೋಮಿಯಂ ಅಲ್ಲ, ಅದರ ಮೈಯಲ್ಲಿ ಕರಗಿ ಉಳಿದ ಕ್ರೋಮಿಯಂ. ಡಿ2ನಲ್ಲಿ ಇಂಗಾಲ ವಿಪರೀತ ಇರುವುದರಿಂದ ಕ್ರೋಮಿಯಂನ ಸುಮಾರು ಅರ್ಧ ಪಾಲು ಕಾರ್ಬೈಡಿನೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ. 3ಸಿಆರ್13ರಲ್ಲಿ ಹೆಚ್ಚುಕಡಿಮೆ ಪೂರ್ತಿ ಕ್ರೋಮಿಯಂ ಬಿಡುವಾಗಿಯೇ ಇರುತ್ತದೆ. ಬಾಯಿ ಬೇಗ ಮೊಂಡಾಗುವ ಚಾಕು ಹೊಳೆಯುತ್ತಲೇ ಇರುವುದಕ್ಕೂ ಹರಿತ ನಿಲ್ಲುವ ಚಾಕು ಕಂದುವುದಕ್ಕೂ ಕಾರಣ ಒಂದೇ: ಇಂಗಾಲ ಎಲ್ಲಿ ಹೋಯಿತು ಎಂಬುದು.

ಕರಾವಳಿಯಲ್ಲಿ ಉಪ್ಪಿನ ಗಾಳಿ ಬೇರೆ. ಉಪ್ಪಿನ ಕ್ಲೋರೈಡ್ ಸ್ಟೇನ್‌ಲೆಸ್ಸಿನ ಮೇಲಿನ ಕಣ್ಣಿಗೆ ಕಾಣದ ರಕ್ಷಾಪದರವನ್ನು ಅಲ್ಲಲ್ಲಿ ಸೂಜಿಯಂತೆ ಚುಚ್ಚುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಚಾಕುವಿಗೆ ಇದು ಹೆಚ್ಚು, ಏಕೆಂದರೆ ಚರ್ಮ ತೇವ ಹಿಡಿದಿಡುತ್ತದೆ. ಮೀನು, ಉಪ್ಪಿನಕಾಯಿ, ಮಾವಿನಕಾಯಿ ಮುಟ್ಟಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಅಲಗು ಮಡಚುವ ತಿರುಗಣಿಯೊಳಗಿನ ನೀರೂ ಹೋಗುವಂತೆ ಚೆನ್ನಾಗಿ ಊದಿ ಒರೆಸಿ, ಬಿಚ್ಚಿಟ್ಟೇ ಒಣಗಿಸಿ. ಅಲಗಿಗೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸವರಿ. ಅದು ಕಮಟುವುದಿಲ್ಲ, ಆಹಾರಕ್ಕೂ ತೊಂದರೆ ಇಲ್ಲ. ತಿರುಗಣಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಅಲ್ಲಿಗೆ ತೆಂಗಿನೆಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಹಳತಾದಂತೆ ಅಂಟಾಗಿ ಧೂಳು ಹಿಡಿಯುತ್ತದೆ.

ಈಗ ಬಂದಿರುವ ಚುಕ್ಕೆಯನ್ನು ಎಣ್ಣೆ ಹಚ್ಚಿದ 1000 ನಂಬರಿನ ವಾಟರ್ ಪೇಪರ್‌ನಿಂದ ಅಲಗಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ತಿಕ್ಕಿದರೆ ಹೋಗುತ್ತದೆ. ಗುಳಿ ಬಿದ್ದಿದ್ದರೆ ಗುಳಿ ಉಳಿಯುತ್ತದೆ. ಅದು ಬಾಯಿಯ ಅಂಚಿಗೆ ಬಾರದಂತೆ ನೋಡಿಕೊಂಡರೆ ಕೆಲಸಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಸ್ಟೇನ್‌ಲೆಸ್ ಎಂದು ಕೊಂಡ ಚಾಕುವಿಗೆ ಅಯಸ್ಕಾಂತ ಅಂಟುತ್ತದೆ. ಮೋಸವೇ?
— ತುಮಕೂರಿನಿಂದ

ಉತ್ತರ: ಇಲ್ಲ. ಅಡುಗೆ ಪಾತ್ರೆಯ ಸ್ಟೇನ್‌ಲೆಸ್ಸಿನಲ್ಲಿ ನಿಕಲ್ ಹೆಚ್ಚಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ. ಅಂಥ ಉಕ್ಕು ಕಾಯಿಸಿ ತಣಿಸಿದರೂ ಗಟ್ಟಿಯಾಗುವುದಿಲ್ಲ. ಹದ ಹಾಕಿ ಗಟ್ಟಿ ಮಾಡಬಲ್ಲ ಚಾಕುವಿನ ಸ್ಟೇನ್‌ಲೆಸ್ ಎಲ್ಲವೂ ಅಯಸ್ಕಾಂತಕ್ಕೆ ಅಂಟುತ್ತದೆ. ನಿಮ್ಮ ಅಲಗಿಗೆ ಅದು ಅಂಟದಿದ್ದರೆ ಆಗ ಚಿಂತಿಸಬೇಕಿತ್ತು.

ಪ್ರಶ್ನೆ: ಹೊಸ 8ಸಿಆರ್13ಎಂಒವಿ ಚಾಕು ಬಂದ ದಿನ ಕೂದಲು ಬೋಳಿಸುವಷ್ಟು ಹರಿತವಿತ್ತು. ಮೂರೇ ದಿನಕ್ಕೆ ಟೊಮೆಟೊ ಸಿಪ್ಪೆ ಜಾರುತ್ತದೆ. ಉಕ್ಕು ಕೆಟ್ಟದ್ದೇ? ವಾಪಸು ಕಳಿಸಲೇ?
— ಹುಬ್ಬಳ್ಳಿಯಿಂದ

ಉತ್ತರ: ವಾಪಸು ಕಳಿಸುವ ಮೊದಲು ಮೂರು ಸಲ ಸಾಣೆ ಹಿಡಿದು ನೋಡಿ. ಅಗ್ಗದ ಚಾಕುಗಳಲ್ಲಿ ಇದು ತೀರಾ ಸಾಮಾನ್ಯ ತೊಂದರೆ, ಮತ್ತು ಬಹಳ ಸಲ ತಪ್ಪು ಉಕ್ಕಿನದಲ್ಲ.

ಕಾರ್ಖಾನೆಯಲ್ಲಿ ಬಾಯಿ ತೆಗೆಯುವುದು ವೇಗವಾಗಿ ಓಡುವ ಒಣ ಬೆಲ್ಟಿನ ಮೇಲೆ. ಅಂಚು ತೆಳ್ಳಗಿರುವುದರಿಂದ ಕ್ಷಣದಲ್ಲಿ ಕಾಯುತ್ತದೆ. ಇಂಥ ಉಕ್ಕಿನ ಟೆಂಪರಿಂಗ್ (ತಣಿಸಿದ ಉಕ್ಕಿನ ಬಿರುಸು ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ನಡೆದಿರುವುದು ಸಾಮಾನ್ಯವಾಗಿ 200 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಹೆಚ್ಚು ಕಾದ ಅಂಚು ಅಷ್ಟಷ್ಟು ಮೆತ್ತಗಾಗುತ್ತದೆ. ಸಾದಾ ಇಂಗಾಲದ ಉಕ್ಕಾದರೆ ಹಳದಿ, ಕಂದು, ನೀಲಿ ಬಣ್ಣ ಬಂದು ಎಚ್ಚರಿಸುತ್ತದೆ, ನೀಲಿ ಬಂದರೆ 300ರ ಹತ್ತಿರ ಹೋಯಿತು ಎಂದೇ ಅರ್ಥ. ಕ್ರೋಮಿಯಂ ಇರುವ ಉಕ್ಕು ಇನ್ನೂ ಹೆಚ್ಚಿನ ಶಾಖದಲ್ಲಿ ಬಣ್ಣಕ್ಕೆ ತಿರುಗುವುದರಿಂದ ಅಂಚು ಹಾಳಾದರೂ ಹೊರಗೆ ಗುರುತು ಕಾಣುವುದಿಲ್ಲ. ಹಾಳಾದದ್ದು ಅಂಚಿನ ತೆಳು ಭಾಗ ಮಾತ್ರ. ಮೂರು-ನಾಲ್ಕು ಸಾಣೆಯಲ್ಲಿ ಅದು ಸವೆದು, ಒಳಗಿನ ಸರಿಯಾದ ಉಕ್ಕು ಬಾಯಿಗೆ ಬರುತ್ತದೆ. ಸಂತೆಯಲ್ಲಿ ಕರೆಂಟಿನ ಸಾಣೆಚಕ್ರಕ್ಕೆ ಕಿಡಿ ಹಾರಿಸುತ್ತ ಚಾಕು ಹಿಡಿಸಿದರೆ ಅದೇ ರೋಗ ಮತ್ತೆ ಅಂಟುತ್ತದೆ. ಕಲ್ಲಿನ ಮೇಲೆ ಕೈಯಲ್ಲೇ ಮಾಡಿ.

ಹಾರ್ಡ್‌ವೇರ್ ಅಂಗಡಿಯ, ಒಂದು ಬದಿ ಒರಟು ಒಂದು ಬದಿ ನಯ ಇರುವ ಕಾರ್ಬೊರಂಡಮ್ ಕಲ್ಲು ಸಾಕು. ಅದರ ಸಿಲಿಕಾನ್ ಕಾರ್ಬೈಡ್ ಕ್ರೋಮಿಯಂ ಕಾರ್ಬೈಡಿಗಿಂತ ಗಟ್ಟಿ, ಹಾಗಾಗಿ ನಿಧಾನವಾದರೂ ಡಿ2ಗೂ ನಡೆಯುತ್ತದೆ. ಕೋನ ಅಳೆಯಲು ಉಪಕರಣ ಬೇಡ. ಅಲಗಿನ ಅಗಲ 20 ಮಿಲಿಮೀಟರ್ ಇದ್ದರೆ, ಬೆನ್ನಿನ ನಡುಗೆರೆ ಕಲ್ಲಿನಿಂದ 7 ಮಿ.ಮೀ. ಮೇಲಿದ್ದಾಗ ಒಂದು ಬದಿಗೆ 20 ಡಿಗ್ರಿ, 5 ಮಿ.ಮೀ. ಇದ್ದಾಗ 15 ಡಿಗ್ರಿ. ಅಗಲ 25 ಆದರೆ ಇವು ಸುಮಾರು 8.5 ಮತ್ತು 6.5 ಆಗುತ್ತವೆ. 3ಸಿಆರ್13, 420ರಂಥ ಮೆದು ಉಕ್ಕಿಗೆ 20 ಡಿಗ್ರಿ ಕೊಡಿ, ಅದಕ್ಕಿಂತ ತೆಳ್ಳಗೆ ಮಾಡಿದರೆ ಮಗುಚುತ್ತದೆ. ಡಿ2ಗೂ 20, ಇನ್ನೂ ತೆಳ್ಳಗೆ ಮಾಡಿದರೆ ಅದು ಮಗುಚುವುದಿಲ್ಲ, ದಪ್ಪ ಹರಳು ಕಿತ್ತು ಚಕ್ಕೆ ಬೀಳುತ್ತದೆ. 12ಸಿ27, 14ಸಿ28ಎನ್‌ಗೆ 15 ಧಾರಾಳ. 8ಸಿಆರ್13ಎಂಒವಿಗೆ 17-18.

ಒರಟು ಬದಿಯಲ್ಲಿ ಒಂದು ಮಗ್ಗುಲನ್ನು, ಆಚೆ ಮಗ್ಗುಲಿನ ಅಂಚಿಗೆ ಬೆರಳು ಸವರಿದರೆ ತುದಿಯಿಂದ ಬುಡದವರೆಗೂ ತರಿ ಸಿಗುವ ತನಕ ಉಜ್ಜಿ. ಈ ತರಿಗೆ ವರ್ಕ್‌ಶಾಪಿನವರು ಬರ್ ಎನ್ನುತ್ತಾರೆ. ಬುಡದಲ್ಲಿ ಸಿಕ್ಕಿ ತುದಿಯಲ್ಲಿ ಸಿಗದಿದ್ದರೆ ತುದಿಗೆ ಇನ್ನೂ ಸಾಣೆ ಮುಟ್ಟಿಲ್ಲ. ಮಗ್ಗುಲು ಬದಲಿಸಿ ಅಷ್ಟೇ ಮಾಡಿ. ಆಮೇಲೆ ನಯ ಬದಿ. ಕೊನೆಗೆ ಬಲ ಹಾಕದೆ ಆಚೆ ಒಂದು ಈಚೆ ಒಂದು ಎಂದು ಹತ್ತು ಎಳೆತ, ನಂತರ ಹಸಿರು ಪಾಲಿಶ್ ಹಚ್ಚಿದ ಹಳೆ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಇಪ್ಪತ್ತು ಎಳೆತ. ಬರ್ ಪೂರ್ತಿ ಹೋಗಬೇಕು. ಮೆದು ಉಕ್ಕಿನಲ್ಲಿ ಅದು ಮುರಿಯದೆ ಅತ್ತಿತ್ತ ಮಡಚಿಕೊಂಡು ನಿಲ್ಲುತ್ತದೆ. ಕಾಗದ ಚೆನ್ನಾಗಿ ಕೊಯ್ದು, ಮೊದಲ ಈರುಳ್ಳಿಗೇ ಮೊಂಡಾಗುವ ಚಾಕು ಎಂದರೆ ಈ ಬರ್ ಉಳಿದ ಚಾಕು. ಹಾಗಾಗಿದ್ದರೆ ಕೋನವನ್ನು ಎರಡು-ಮೂರು ಡಿಗ್ರಿ ಏರಿಸಿ ಎರಡೂ ಬದಿಗೆ ಹೂವಿನಷ್ಟು ಹಗುರವಾಗಿ ನಾಲ್ಕು ಎಳೆತ ಕೊಡಿ.

ಇಷ್ಟೆಲ್ಲ ಮಾಡಿ ನಾಲ್ಕನೇ ಸಾಣೆಯ ನಂತರವೂ ಮೂರು ದಿನಕ್ಕೇ ಮೊಂಡಾದರೆ ಹದವೇ ಕೆಟ್ಟಿದೆ. ಆಗ ಅದರ ಮೇಲೆ ಯಾವ ಹೆಸರು ಬರೆದಿದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ: ಜಾಹೀರಾತಿನಲ್ಲಿ 56 ಎಚ್‌ಆರ್‌ಸಿ, 60 ಎಚ್‌ಆರ್‌ಸಿ ಎಂದು ಬರೆಯುತ್ತಾರೆ. ನಾಲ್ಕು ಅಂಕ ಅಷ್ಟು ದೊಡ್ಡದೇ?
— ಮೈಸೂರಿನಿಂದ

ಉತ್ತರ: ದೊಡ್ಡದೇ. ಎಚ್‌ಆರ್‌ಸಿ ಎಂದರೆ ರಾಕ್‌ವೆಲ್ ಸಿ, ಉಕ್ಕು ಎಷ್ಟು ಗಟ್ಟಿ ಎಂಬುದರ ಅಳತೆ. 120 ಡಿಗ್ರಿ ಕೋನದ ವಜ್ರದ ಮೊನೆಯನ್ನು 150 ಕಿಲೋ ಭಾರದಿಂದ ಒತ್ತಿ, ಅದು ಎಷ್ಟು ಆಳ ಇಳಿಯಿತು ಎಂದು ಅಳೆಯುವುದು ರಾಕ್‌ವೆಲ್ ಸಿ. ಒಂದು ಅಂಕ ಎಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಭಾಗ. ಅಳತೆ ಸಣ್ಣದಾದರೂ ತೆಳು ಅಂಚಿನ ಮಟ್ಟಿಗೆ 56 ಮಗುಚುವಲ್ಲಿ 60 ನಿಲ್ಲುತ್ತದೆ. ಹಾಗೆಂದು ಏರಿದಷ್ಟೂ ಒಳ್ಳೆಯದಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ತನ್ನ ಜೇಬು ಚಾಕುಗಳ ಅಲಗನ್ನು ಬೇಕೆಂದೇ 56ರ ಆಸುಪಾಸಿನಲ್ಲಿ ಇಟ್ಟಿದೆ. ಅದರ ಉಕ್ಕಿನಲ್ಲಿ ಇಂಗಾಲ ಅರ್ಧ ಶೇಕಡಾದ ಹತ್ತಿರ, ಕ್ರೋಮಿಯಂ ಸುಮಾರು 14. ಎಲ್ಲೆಂದರಲ್ಲಿ ಬಳಸುವ ಜನ ಮುರಿಯದ, ಕಂದದ, ಯಾವ ಕಲ್ಲಿಗಾದರೂ ಹರಿತವಾಗುವ ಅಲಗು ಬಯಸುತ್ತಾರೆ ಎಂಬ ಲೆಕ್ಕ ಅದು. ಅಮೆರಿಕದ ಬಕ್ ಕಂಪನಿ 420ಎಚ್‌ಸಿ ಎಂಬ ಸಾಧಾರಣ ಉಕ್ಕನ್ನೇ ಎಚ್ಚರದಿಂದ ಹದ ಹಾಕಿ 58ಕ್ಕೆ ಏರಿಸುತ್ತದೆ. ಹದ ತಪ್ಪಿ 55ಕ್ಕೆ ಬಂದ ಡಿ2ಗಿಂತ ಹದ ಸಿಕ್ಕ 420ಎಚ್‌ಸಿಯನ್ನೇ ನಾವು ಆರಿಸುತ್ತೇವೆ.

ಮನೆಯಲ್ಲಿ ನೋಡಬೇಕೆಂದರೆ ಹೊಸ, ಸಣ್ಣ ಹಲ್ಲಿನ ಅರ ತೆಗೆದುಕೊಳ್ಳಿ. ಅಲಗಿನ ಬೆನ್ನಿನ ಮೇಲೆ, ತಿರುಗಣಿಯ ಹತ್ತಿರ, ಹಗುರವಾಗಿ ಒಮ್ಮೆ ಎಳೆಯಿರಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗಟ್ಟಿ. ಕಚ್ಚಿ ಪುಡಿ ಬಂದರೆ ಮೆದು. ಅಂಕಿ ಹೇಳದಿದ್ದರೂ ‘60’ ಎಂಬ ಸುಳ್ಳನ್ನು ಇದು ಹಿಡಿದುಕೊಡುತ್ತದೆ.

ಪ್ರಶ್ನೆ: ಅಡಿಕೆ ತೋಟದಲ್ಲಿ ಜೇಬಿನಲ್ಲೇ ಇರಬೇಕು. ಫ್ರಾನ್ಸಿನ ಒಪಿನೆಲ್ ಚಾಕು ಕಾರ್ಬನ್ ಮತ್ತು ಸ್ಟೇನ್‌ಲೆಸ್ ಎರಡರಲ್ಲೂ ಇದೆಯಂತೆ. ಯಾವುದು?
— ಶಿರಸಿಯಿಂದ

ಉತ್ತರ: ಮಲೆನಾಡಿನ ಮಳೆಗೆ ಸ್ಟೇನ್‌ಲೆಸ್ಸೇ ಸರಿ. ಒಪಿನೆಲ್ 1890ರಿಂದ ಸವೊಯ್ ಸೀಮೆಯಲ್ಲಿ ತಯಾರಾಗುವ ಚಾಕು. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. ಅದರ ಕಾರ್ಬನ್ ಉಕ್ಕಿನಲ್ಲಿ ಇಂಗಾಲ ಸುಮಾರು 0.9, ಕ್ರೋಮಿಯಂ ಇಲ್ಲವೆನ್ನುವಷ್ಟು. ಹರಿತ ಬೇಗ ಬರುತ್ತದೆ, ಚೆನ್ನಾಗಿ ನಿಲ್ಲುತ್ತದೆ. ಆದರೆ ಹಸಿ ಅಡಿಕೆಯ ಚೊಗರು ತಾಗಿದೊಡನೆ ಕಪ್ಪಾಗುತ್ತದೆ. ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ ಕಪ್ಪು ಬಣ್ಣವಾಗುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಕಾಯಿಸುತ್ತಿದ್ದುದು ಇದೇ ಕ್ರಿಯೆಯಿಂದ. ಈ ಕಪ್ಪು ಅಪಾಯವಲ್ಲ, ಕೆಂಪು ತುಕ್ಕಿಗೆ ಒಂದಿಷ್ಟು ತಡೆಯೂ ಹೌದು. ಒದ್ದೆ ಜೇಬಿನಲ್ಲಿ ಒಂದು ರಾತ್ರಿ ಉಳಿದರೆ ಬರುವ ಕೆಂಪು ಮಾತ್ರ ಅಂಚನ್ನೇ ತಿನ್ನುತ್ತದೆ.

ಈ ಚಾಕು ಚೆನ್ನಾಗಿ ಕೊಯ್ಯುವುದಕ್ಕೆ ಉಕ್ಕಿನಷ್ಟೇ ಅಲಗಿನ ತೆಳುವೂ ಕಾರಣ. ಬೆನ್ನಿನಲ್ಲೇ ಎರಡು ಮಿಲಿಮೀಟರಿಗಿಂತ ಕಡಿಮೆ, ಬಾಯಿಯವರೆಗೆ ಇಳಿಜಾರು. ಮೂರೂವರೆ ಮಿಲಿಮೀಟರ್ ದಪ್ಪದ ಡಿ2 ಅಲಗಿನಿಂದ ಸುವರ್ಣಗೆಡ್ಡೆ ಕೊಯ್ದು ನೋಡಿ: ಬಾಯಿ ಎಷ್ಟೇ ಹರಿತವಿರಲಿ, ಅಲಗು ಬೆಣೆಯಂತೆ ಸಿಕ್ಕಿ ಹೋಳು ಸೀಳುತ್ತದೆ. ಆದರೆ ತೆಳು ಅಲಗಿನಿಂದ ಮೀಟುವ ಕೆಲಸ ಮಾಡಬಾರದು.

ಹಿಡಿ ಬೀಚ್ ಮರದ್ದು. ಜುಲೈ ತಿಂಗಳಲ್ಲಿ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಆಗ ಅಲಗಿನ ಬುಡದಲ್ಲಿರುವ ಬೀಗದ ಉಂಗುರವನ್ನು ತಿರುಗಿಸಿ ಬಿಡಿಸಿ, ಹಿಡಿಯ ಹಿಂತುದಿಯನ್ನು ಮರದ ದಿಮ್ಮಿಗೆ ಕುಟ್ಟಿ, ಅಲಗು ಎದ್ದು ಬರುತ್ತದೆ. ಮಳೆಗೆ ಮುಂಚೆ ಹಿಡಿಯ ಒಳಗಣ ಸೀಳಿಗೆ ಅಗಸೆ ಎಣ್ಣೆ ಎರಡು ಸಲ ಕುಡಿಸಿದರೆ ಉಬ್ಬುವುದು ಕಡಿಮೆ. ಎಣ್ಣೆಯ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಿ. ಹಲಸಿನ ಮೇಣ ಮಾತ್ರ ಯಾವ ಉಕ್ಕಿಗೂ ಅಂಟುತ್ತದೆ, ಕೊಯ್ಯುವ ಮೊದಲೇ ಅಲಗಿಗೆ ತೆಂಗಿನೆಣ್ಣೆ ಸವರಿ.

ಪ್ರಶ್ನೆ: ಊರಿನ ಕಮ್ಮಾರರಿಂದ ಹಳೆ ಬೇರಿಂಗ್ ಅಥವಾ ಲಾರಿ ಸ್ಪ್ರಿಂಗ್ ಪ್ಲೇಟಿನಲ್ಲಿ ಅಲಗು ಮಾಡಿಸಿ ಹಳೆಯ ಹಿಡಿಗೆ ಕೂರಿಸಬಹುದೇ? ಸ್ಟೇನ್‌ಲೆಸ್ಸಿನಲ್ಲೂ ಮಾಡಬಹುದೇ?
— ಚಿತ್ರದುರ್ಗ ಜಿಲ್ಲೆಯಿಂದ

ಉತ್ತರ: ಸ್ಟೇನ್‌ಲೆಸ್ ಬೇಡ. ಅದನ್ನು 1050 ಡಿಗ್ರಿಯ ಹತ್ತಿರ, ಗಾಳಿ ತಾಗದಂತೆ, ನಿಮಿಷಗಳ ಲೆಕ್ಕದಲ್ಲಿ ಹಿಡಿದಿಡಬೇಕು. ಇದ್ದಿಲಿನ ಕುಲುಮೆಯಲ್ಲಿ ಆ ನಿಖರತೆ ಸಿಗುವುದಿಲ್ಲ.

ಬೇರಿಂಗ್ ಮತ್ತು ಸ್ಪ್ರಿಂಗ್ ಎರಡೂ ಆಗುತ್ತವೆ. ಬಾಲ್ ಬೇರಿಂಗಿನ ಬಳೆ ಸಾಮಾನ್ಯವಾಗಿ ಇಎನ್31: ಇಂಗಾಲ 1, ಕ್ರೋಮಿಯಂ ಸುಮಾರು ಒಂದೂವರೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ 0.6ರ ಹತ್ತಿರ, ಹರಿತ ಕಡಿಮೆ ನಿಂತರೂ ಸುಲಭಕ್ಕೆ ಮುರಿಯದು. ಸಣ್ಣ ಅಲಗಿಗೆ ಇಎನ್31 ಮೇಲು. ಭಾರೀ ವಾಹನಗಳ ದೊಡ್ಡ ಟೇಪರ್ ಬೇರಿಂಗುಗಳಲ್ಲಿ ಹೊರಪದರ ಮಾತ್ರ ಗಟ್ಟಿ ಮಾಡಿದ, ಒಳಗೆ ಇಂಗಾಲ ಕಡಿಮೆ ಇರುವ ಉಕ್ಕೂ ಇರುತ್ತದೆ. ಅದಕ್ಕೇ ಮೊದಲು ಅದೇ ಬಳೆಯ ಬೆರಳುದ್ದದ ತುಂಡೊಂದನ್ನು ಬಡಿದು ಹದ ಹಾಕಿ, ಬಟ್ಟೆ ಸುತ್ತಿ ಮುರಿದು ನೋಡಿ. ಒಳಮೈ ನಯವಾದ ಬೂದು ಬಣ್ಣವಿದ್ದರೆ ಸರಿ. ಸಕ್ಕರೆ ಹರಳಿನಂತೆ ಮಿನುಗಿದರೆ ಕಾವು ಹೆಚ್ಚಾಗಿದೆ. ಮುರಿಯದೆ ಬಾಗಿದರೆ ಉಕ್ಕು ಬೇರೆ, ಇಲ್ಲವೇ ಕಾವು ಸಾಲದು. ಹಳೆ ಸ್ಪ್ರಿಂಗಿನಲ್ಲಿ ಕೂದಲೆಳೆಯ ಬಿರುಕು ಇರಬಹುದು, ಉಜ್ಜಿ ಹೊಳಪಿಸಿ ನೋಡಿಕೊಂಡೇ ಬಡಿಯಿರಿ.

ಬಡಿದು ಆಕಾರಕ್ಕೆ ತಂದ ಮೇಲೆ ಅಂಚು ಮುಕ್ಕಾಲು ಮಿಲಿಮೀಟರ್ ದಪ್ಪ ಇರಲಿ; ಈಗಲೇ ತೆಳ್ಳಗೆ ಮಾಡಿದರೆ ಎಣ್ಣೆಯಲ್ಲಿ ಅದ್ದಿದಾಗ ಸೊಟ್ಟಗಾಗುತ್ತದೆ. ಮಬ್ಬು ಬೆಳಕಿನಲ್ಲಿ ಕಾಯಿಸಿ. ಅಯಸ್ಕಾಂತ ಹಿಡಿಯುವುದು ನಿಂತಾಗ ಸುಮಾರು 770 ಡಿಗ್ರಿ. ಅಲ್ಲಿಂದ ಒಂದು ಛಾಯೆ ಮೇಲೆ, 820ರ ಸುಮಾರಿಗೆ, ಇಎನ್31 ಅನ್ನು ನಾಲ್ಕೈದು ನಿಮಿಷ ಹಿಡಿದು, 50-60 ಡಿಗ್ರಿಗೆ ಬೆಚ್ಚಗೆ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಮೊನೆ ಕೆಳಗಾಗಿ ನೇರ ಅದ್ದಿ. ನೀರಿನಲ್ಲಿ ಅದ್ದಿದರೆ ಸೀಳುತ್ತದೆ. ಎಣ್ಣೆ ಕಬ್ಬಿಣದ ಪಾತ್ರೆಯಲ್ಲಿರಲಿ, ಮುಚ್ಚಳ ಪಕ್ಕದಲ್ಲೇ ಇರಲಿ, ಬೆಂಕಿ ಏಳಬಹುದು. ತಣಿದ ಅಲಗು ಈಗ ಗಾಜಿನಂತೆ ಬಿರುಸು. ಮರುದಿನಕ್ಕೆ ಬಿಡದೆ ಅಂದೇ ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟು, ಪೂರ್ತಿ ತಣಿಸಿ, ಮತ್ತೆ ಎರಡು ಗಂಟೆ ಇಡಿ. ಓವನ್ನಿನ ಗುಂಡಿಯನ್ನು ನಂಬದೆ ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಉಜ್ಜಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಬೇಕು. ಅರದಿಂದ ಪರೀಕ್ಷಿಸುವ ಮುನ್ನ ಮೇಲ್ಪದರವನ್ನು ಸ್ವಲ್ಪ ಉಜ್ಜಿ ತೆಗೆಯಿರಿ, ಬೆಂಕಿಯಲ್ಲಿ ಇಂಗಾಲ ಕಳೆದುಕೊಂಡ ಆ ಪದರ ಯಾವಾಗಲೂ ಮೆದು.

ನಿಮ್ಮ ಜಿಲ್ಲೆಯವರೇ ಕೇಳಿದ್ದಕ್ಕೆ ಒಂದು ಮಾತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುತ್ತಿದ್ದುದಕ್ಕೆ ಕುರುಹು ಸಿಕ್ಕಿವೆ. ಯುರೋಪಿನವರು ವೂಟ್ಸ್ ಎಂದು ಕರೆದು, 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದ್ದು ದಕ್ಷಿಣ ಭಾರತದ ಇಂಥ ಉಕ್ಕಿನ ಮೇಲೆ. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಇಂಗಾಲ ಒಂದರಿಂದ ಎರಡು ಶೇಕಡಾ, ಡಿ2ನಂತೆ. ಡಿ2ನ ಕ್ರೋಮಿಯಂ ಮಾತ್ರ ಇಲ್ಲ. ಒಳಗಿನ ಜಲ್ಲಿಯಂಥ ಹರಳೆಲ್ಲ ಕಬ್ಬಿಣದ ಕಾರ್ಬೈಡೇ. ಹದವಾದ ಕಾವಿನಲ್ಲಿ ತಾಳ್ಮೆಯಿಂದ ಬಡಿದಾಗ ಅದು ಸಾಲುಸಾಲಾಗಿ ಕೂತು ಅಲಗಿನ ಮೇಲೆ ನೀರಿನ ಅಲೆಯಂತೆ ಕಾಣುತ್ತಿತ್ತು. ಕಾವು ಮೀರಿದರೆ ಆ ಉಕ್ಕು ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ನಿಮ್ಮ ಕಮ್ಮಾರರಿಗೂ ಇದನ್ನೇ ಹೇಳಿ: ಬೇರಿಂಗಿನ ತುಂಡು ಹಳದಿ ಬಿಳುಪಿಗೆ ಏರುವ ಮೊದಲೇ ಬೆಂಕಿಯಿಂದ ತೆಗೆಯಲಿ, ಕಿತ್ತಳೆ ಬಣ್ಣದಲ್ಲಿ ಬಡಿಯಲಿ, ಮಂಕು ಕೆಂಪಿಗೆ ಇಳಿದ ಕೂಡಲೇ ಸುತ್ತಿಗೆ ನಿಲ್ಲಿಸಿ ಮತ್ತೆ ಕುಲುಮೆಗೆ ಹಾಕಲಿ.